ನೋರೀನ್ ಬಾಗಿಲು ತೆಗೆಯಲಿಲ್ಲ

ಸಿರಿಲ್ ಎಂಟ್ವಿಸಲ್‌ನ ಆವತ್ತಿನ ಪಾಡಿಗೆಲ್ಲ ಕಾರಣ ಒಂದು ಗೋಡೆ. ಒಂದೇ ಇಟ್ಟಿಗೆ ದಪ್ಪದ ಗೋಡೆ. ಇಂಗ್ಲೆಂಡಿನ ಓಲ್ಡಮ್ ಊರಿನ ಗ್ಯಾಸ್ಕಿಲ್ ಬೀದಿಯಲ್ಲಿ ಮನೆಗಳು ಬಸ್ಸಿಗೆ ಕಾದು ನಿಂತ ಜನರ ಹಾಗೆ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿವೆ. ಗೋಡೆಯ ಈ ಕಡೆ ಸಿರಿಲ್, ಬೇಕರಿಯ ರಾತ್ರಿ ಪಾಳಿಯವ; ಊರು ಮಲಗಿದಾಗ ಬ್ರೆಡ್ ಬೇಯಿಸಿ, ಊರು ಎದ್ದಾಗ ಮಲಗುವವ. ಆ ಕಡೆ ಮಿನ್ನಿ ಲಮ್ ಎಂಬ ವಿಧವೆಯ ಮುಂಕೋಣೆ. ಅಲ್ಲಿ ಅವಳ ಮಗ ಡೆರೆಕ್ ಮತ್ತು ಅವನ ಮೂವರು ಗೆಳೆಯರು ‘ಚಿಮ್ನಿ ಪಾಟ್ಸ್’ ಎಂದು ತಮಗೆ ತಾವೇ ಹೆಸರಿಟ್ಟುಕೊಂಡು ಗಿಟಾರು ಮೀಟುತ್ತಿದ್ದರು, ಡ್ರಮ್ಮು ಬಡಿಯುತ್ತಿದ್ದರು. ಹಗಲು ಹೊತ್ತಿನಲ್ಲಿ. ಸರಿಯಾಗಿ ಸಿರಿಲ್ ಕಣ್ಣು ಮುಚ್ಚುವ ಹೊತ್ತಿಗೆ.

ಸಿರಿಲ್ ಜಗಳಗಂಟನಲ್ಲ. ಬೈಯುವುದಕ್ಕೂ ಅವನಿಗೆ ಬಾಯಿ ಬರುತ್ತಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ಉದ್ದ ಹಿಡಿಯ ಒಂದು ಪೊರಕೆ ಇಟ್ಟುಕೊಂಡಿದ್ದ. ಸದ್ದು ತಡೆಯಲಾರದಷ್ಟಾದಾಗ ಕಣ್ಣು ತೆರೆಯದೆಯೇ ಅದನ್ನೆತ್ತಿ, ಹಿಡಿಯಿಂದ ಗೋಡೆಗೆ ಬಡಿಯುತ್ತಿದ್ದ: ಧಬ್ ಧಬ್... ಧಬ್! ಆ ಕಡೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಆಮೇಲೆ ಮತ್ತೆ ಶುರು.

ಈಗ ಅದೇ ಹುಡುಗರ ರೆಕಾರ್ಡು ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಜಾಗದಲ್ಲಿ ಬಂದು ಕೂತಿತ್ತು. ಹಾಡಿನ ಹೆಸರು ‘ನೋರೀನ್, ಬಾಗಿಲು ತೆಗಿ’. ಹುಡುಗನೊಬ್ಬ ಮಳೆಯಲ್ಲಿ ನಿಂತು ಹುಡುಗಿಯ ಬಾಗಿಲು ಬಡಿಯುತ್ತಾನೆ, ಅವಳು ತೆಗೆಯುವುದಿಲ್ಲ, ಹಾಡೆಲ್ಲ ಅಷ್ಟೇ. ಆದರೆ ಪಲ್ಲವಿ ಮುಗಿದ ಕೂಡಲೇ ಎಲ್ಲ ವಾದ್ಯಗಳೂ ಬಾಯಿ ಮುಚ್ಚಿ, ಆ ಮೌನದ ನಡುವೆ ಬಾಗಿಲು ಬಡಿದ ಸದ್ದು ಬರುತ್ತಿತ್ತು. ಆ ಬಡಿತಕ್ಕೆ ಇಂಗ್ಲೆಂಡಿಗೆ ಇಂಗ್ಲೆಂಡೇ ಮರುಳಾಗಿತ್ತು. ಮಿಲ್ಲಿನ ಹುಡುಗಿಯರು ಊಟದ ಮೇಜಿನ ಮೇಲೆ ಬಡಿದರು. ಬಸ್ ಕಂಡಕ್ಟರು ಗಂಟೆ ಎಳೆಯುವುದು ಬಿಟ್ಟು ಕಂಬಿಗೆ ಬಡಿದ. ಭಾನುವಾರ ಪಾದ್ರಿಗಳು ಉಪದೇಶದ ಭರದಲ್ಲಿ ಪೀಠ ಗುದ್ದಿದಾಗ ಹಿಂದಿನ ಸಾಲಿಂದ ಯಾರೋ “ನೋರೀನ್!” ಎಂದು ಕೂಗಿ ಇಡೀ ಚರ್ಚು ಕೆಮ್ಮುವಂತಾಯಿತು.

ಸಿರಿಲ್‌ಗೆ ಈ ಬಡಿತದ ವಿಷಯ ಗೊತ್ತಿರಲಿಲ್ಲ. ಆ ಹಾಡು ಎಲ್ಲಿ ಕೇಳಿದರೂ ಅವನು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ.

ಗುರುವಾರ ಬೆಳಿಗ್ಗೆ ಪಾಳಿ ಮುಗಿಸಿ ಬಂದು, ಬೂಟು ಬಿಚ್ಚಿ, ತಲೆದಿಂಬಿಗೆ ತಲೆ ಕೊಟ್ಟು ಇನ್ನೇನು ನಿದ್ದೆಯ ಬಾಗಿಲು ದಾಟಬೇಕು, ಗೋಡೆಯಾಚೆ ಶುರುವಾಯಿತು. ಆವತ್ತು ಮಾಮೂಲಿಗಿಂತ ಕೆಟ್ಟದಾಗಿ. ಒಂದೇ ಸಾಲು, ಮತ್ತೆ ಮತ್ತೆ. ನಡುವೆ ಯಾರೋ ಡ್ರಮ್ಮಿಗೆ, ಮೇಜಿಗೆ, ಸೂಟ್‌ಕೇಸಿಗೆ ಬಡಿಯುವುದು, ಇನ್ಯಾರೋ “ಅಲ್ಲ! ಇದಲ್ಲ!” ಎಂದು ಕಿರುಚುವುದು. ಸಿರಿಲ್ ಹೊರಳಿದ. ದಿಂಬನ್ನು ತಲೆಯ ಮೇಲೆ ಒತ್ತಿಕೊಂಡ. ಕೊನೆಗೆ ಕೈ ತಾನಾಗಿ ಪೊರಕೆಯನ್ನು ಹುಡುಕಿತು.

ಧಬ್ ಧಬ್... ಧಬ್!

ಗೋಡೆಯಾಚೆ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಆಮೇಲೆ ಗದ್ದಲವೋ ಗದ್ದಲ. ಮರುಗಳಿಗೆಯಲ್ಲಿ ಸಿರಿಲ್‌ನ ಹೆಂಡತಿ ಮೇವಿಸ್ ಕೋಣೆಗೆ ಓಡಿ ಬಂದಳು. ಅವಳ ಹಿಂದೆ ಮಿನ್ನಿ ಲಮ್, ಡೆರೆಕ್, ಮತ್ತು ನೇರಳೆ ಬಣ್ಣದ ಕೋಟು ತೊಟ್ಟ ಲಂಡನ್ನಿನ ಗೃಹಸ್ಥನೊಬ್ಬ.

“ರೀ, ಏಳ್ರೀ! ಇವರು ವಾಸ್ಪರ್ ಅಂತ. ಹುಡುಗರ ವ್ಯವಹಾರ ನೋಡ್ಕೊಳ್ಳೋರು. ನಿಮ್ಮನ್ನೇ ನೋಡ್ಬೇಕಂತೆ!”

“ಪೊರಕೆ ಇನ್ನೊಂದ್ಸಲ ಬಡೀರಿ ಸಾರ್,” ಎಂದ ವಾಸ್ಪರ್, ದೇವರೆದುರು ನಿಂತವನ ಹಾಗೆ.

ಸಿರಿಲ್ ಹೆದರಿ ಬಡಿದ.

“ಇದೇ!” ವಾಸ್ಪರ್ ಡೆರೆಕ್‌ನ ಕಿವಿ ಹಿಡಿದ. “ವಿಶೇಷ ಡ್ರಮ್ಮು ಅಂದ್ಯಲ್ಲೋ ಭಡವ! ಲಂಡನ್ನಲ್ಲಿ ಎಂಟು ಜನ ಸೇರಿ ಈ ಸದ್ದು ಹೊರಡಿಸೋಕೆ ಆಗ್ದೆ, ನಿಮ್ಮ ಮನೆ ಟೇಪನ್ನೇ ರೆಕಾರ್ಡಿಗೆ ಹಾಕಿದ್ರು. ಅದು ಇವರ ಪೊರಕೆನಾ?”

“ನಾವು ಟೇಪ್ ಮಾಡ್ತಿದ್ದಾಗ ಅಂಕಲ್‌ಗೆ ಸಿಟ್ಟು ಬಂದಿತ್ತು,” ಎಂದು ಡೆರೆಕ್ ಕಿವಿ ಬಿಡಿಸಿಕೊಂಡ. “ತಾಳಕ್ಕೆ ಸರಿಯಾಗೇ ಬಂತು. ಹಾಗೇ ಬಿಟ್ವಿ.”

ಸಿರಿಲ್‌ಗೆ ಇನ್ನೂ ಅರ್ಧ ಕನಸು. “ತಪ್ಪಾಯ್ತು. ಇನ್ಮೇಲೆ ಮೆಲ್ಲಗೆ ಬಡೀತೀನಿ.”

“ಮೆಲ್ಲಗೆ? ಅಯ್ಯೋ ಮಹಾನುಭಾವ!” ವಾಸ್ಪರ್ ಹಾಸಿಗೆಯ ಅಂಚಿನ ಮೇಲೇ ಕೂತುಬಿಟ್ಟ. “ಇವತ್ತು ಸಾಯಂಕಾಲ ಮ್ಯಾಂಚೆಸ್ಟರಿಂದ ಟೆಲಿವಿಷನ್ ಕಾರ್ಯಕ್ರಮ. ರೆಕಾರ್ಡ್ ಹಾಕಿ ಬಾಯಾಡಿಸೋ ಹಾಗಿಲ್ಲ, ಎದುರಿಗೇ ಹಾಡ್ಬೇಕು. ಬಡಿತ ಸರಿ ಬಂದ್ರೆ ಹಾಡು ಒಂದನೇ ಜಾಗಕ್ಕೆ. ಬರ್ಲಿಲ್ವೋ, ದೇಶದ ಮುಂದೆ ನಗೆಪಾಟಲು. ನೀವು ಬರ್ಲೇಬೇಕು.”

“ನಂಗೆ ರಾತ್ರಿ ಕೆಲಸ ಇದೆ. ತಡವಾಗಿ ಹೋಗಿದ್ದಕ್ಕೆ ಮೇಸ್ತ್ರಿ ಗ್ರಿಮ್ಶಾ ಆಗ್ಲೇ ಎರಡು ಸಲ ಎಚ್ಚರಿಕೆ ಕೊಟ್ಟಿದಾನೆ. ಇನ್ನೊಂದ್ಸಲ ಅಂದ್ರೆ ಮನೆಗೇ.”

“ಪಾಳಿ ಹೊತ್ತಿಗೆ ತಂದು ಬಿಡೋದು ನನ್ನ ಜವಾಬ್ದಾರಿ.”

“ನಿದ್ದೆ ಮಾಡ್ಬೇಕು ಸ್ವಾಮಿ ನಾನು!”

ವಾಸ್ಪರ್ ಬಗ್ಗಿ, ಗುಟ್ಟು ಹೇಳುವವನಂತೆ, “ಇವತ್ತು ಬಡಿತ ಸರಿ ಬಂದ್ರೆ ಈ ಹುಡುಗರು ಇಲ್ಲಿರಲ್ಲ. ಇವತ್ತು ರಾತ್ರಿಯ ರೈಲಿಗೇ ಲಂಡನ್. ಅಲ್ಲೇ ಮನೆ, ಅಲ್ಲೇ ಸ್ಟುಡಿಯೋ. ಈ ಬೀದಿಗೆ ಕ್ರಿಸ್‌ಮಸ್‌ಗೂ ಬರೋದು ಅನುಮಾನ,” ಎಂದ.

ಸಿರಿಲ್ ಹಾಸಿಗೆಯಿಂದ ಚಿಮ್ಮಿ ಎದ್ದ ರೀತಿ ನೋಡಿ ಮೇವಿಸ್ ಬೆಚ್ಚಿಬಿದ್ದಳು. ಮದುವೆಯ ದಿನವೂ ಅವನ ಮುಖದಲ್ಲಿ ಅಂಥ ಕಳೆ ಇರಲಿಲ್ಲ.

“ನನ್ನ ಪ್ಯಾಂಟೆಲ್ಲಿ?” ಎಂದ.

ಪ್ಯಾಂಟಿನ ಯೋಚನೆಯನ್ನು ಅಷ್ಟರಲ್ಲಿ ಬೀದಿಯೇ ವಹಿಸಿಕೊಂಡಿತ್ತು. ಎಂಟ್ವಿಸಲ್ ಟೆಲಿವಿಷನ್ನಿಗೆ ಹೋಗುತ್ತಾನೆಂಬ ಸುದ್ದಿ ಬೀದಿಯ ಈ ಕೊನೆಯಿಂದ ಆ ಕೊನೆಗೆ, ಕೆಟಲ್ಲಿನ ನೀರು ಕುದಿಯುವಷ್ಟರಲ್ಲಿ ಮುಟ್ಟಿತು. ಮಿನ್ನಿ ಮಗನ ಇನ್ನೊಂದು ಸೂಟು ತಂದಳು. ಡೆರೆಕ್ ಬೀನ್ಸ್ ಕಾಯಿಯಂಥ ಹುಡುಗ. ಸಿರಿಲ್ ತನ್ನ ಬ್ರೆಡ್ಡಿನ ರುಚಿ ತಾನೇ ನೋಡುವವ. ಪ್ಯಾಂಟು ಏರಿಸುವುದಕ್ಕೆ ಮೇವಿಸ್ ಒಂದು ಕಡೆ, ಮಿನ್ನಿ ಒಂದು ಕಡೆ ಹಿಡಿದು ಎಳೆದರು. ಹಾಕಿದ ಮೇಲೆ ಕೂತರೆ ಏಳುವಂತಿಲ್ಲ, ಎದ್ದರೆ ಕೂರುವಂತಿಲ್ಲ.

“ಉಸಿರಾಡ್ಬೇಡಿ,” ಎಂದಳು ಮೇವಿಸ್.

“ಎಷ್ಟು ಹೊತ್ತು?”

“ಕಾರ್ಯಕ್ರಮ ಮುಗಿಯೋ ತನಕ.”

ಎದುರು ಮನೆಯ ಕ್ಷೌರಿಕ ಪಾಗ್ಸನ್ ಕತ್ತರಿ ಬಾಚಣಿಗೆ ಸಮೇತ ಬಂದಿಳಿದ. ಚಿಮ್ನಿ ಪಾಟ್ಸ್ ಹುಡುಗರಿಗೆಲ್ಲ ಹಣೆ ಮುಚ್ಚುವಷ್ಟು ಕೂದಲು. ಸಿರಿಲ್‌ನ ತಲೆ ಆಗತಾನೇ ಒಲೆಯಿಂದ ತೆಗೆದ ಬನ್ನಿನಂತೆ ನುಣ್ಣಗೆ ಹೊಳೆಯುತ್ತಿತ್ತು. ಕಿವಿಯ ಮೇಲೆ ಮಾತ್ರ ಒಂದಿಷ್ಟು ಕೂದಲು ಉಳಿದಿತ್ತು. ಪಾಗ್ಸನ್ ಅದನ್ನೇ ಎಣ್ಣೆ ಹಚ್ಚಿ ಎಳೆದು ಹಣೆಗೆ ತಂದ.

“ಏನಪ್ಪ ಇದು, ಮೀನಿನ ಮುಳ್ಳಿದ್ದಂಗಿದೆ!” ಎಂದಳು ಮಿನ್ನಿ.

“ಇರೋ ದಾರದಲ್ಲಿ ತಾನೇ ನೇಯೋದು?” ಎಂದು ಪಾಗ್ಸನ್ ಸಿಟ್ಟಾದ.

ವ್ಯಾನು ಹೊರಟಿತು. ಸಿರಿಲ್ ಕೂರಲಾರದೆ, ಪೊರಕೆ ಹಿಡಿದು ಹಿಂಭಾಗದಲ್ಲಿ ನಿಂತೇ ಪ್ರಯಾಣ ಮಾಡಿದ. ಮೇವಿಸ್ ಪೊಟ್ಟಣದಲ್ಲಿ ಕಟ್ಟಿಕೊಟ್ಟ ಮಾಂಸದ ಪೈ ತಿನ್ನಲೂ ಹೆದರಿಕೆ. ಒಂದು ತುತ್ತು ಹೆಚ್ಚಾದರೂ ಗುಂಡಿ ಹಾರುತ್ತದೆ. ಆದರೂ ಅವನಿಗೆ ಒಳಗೊಳಗೇ ಹಬ್ಬ. ಪ್ರತಿ ತಿರುವಿಗೂ, “ಲಂಡನ್ನಲ್ಲಿ ಮನೆ ಗೊತ್ತಾಗಿದೆ ತಾನೇ? ದೊಡ್ಡ ಮನೆ ತಾನೇ? ವಾಪಸ್ ಬರೋ ಹಾಗಿಲ್ಲ ತಾನೇ?” ಎಂದು ಕೇಳುತ್ತಿದ್ದ.

“ಅಂಕಲ್‌ಗೆ ನಮ್ಮ ಮೇಲೆ ಎಷ್ಟು ಕಾಳಜಿ ನೋಡ್ರೋ!” ಎಂದು ಡೆರೆಕ್ ಗೆಳೆಯರಿಗೆ ಹೇಳಿದ.

ಸ್ಟುಡಿಯೋ ಮುಂದೆ ಹುಡುಗಿಯರ ಸಮುದ್ರ. ಚಿಮ್ನಿ ಪಾಟ್ಸ್ ಹುಡುಗರು ಅನುಭವಸ್ಥರು, ವ್ಯಾನಿನ ಬಾಗಿಲು ತೆರೆದದ್ದೇ ಮೊಲಗಳಂತೆ ಒಳಗೆ ಓಡಿದರು. ಸಿರಿಲ್‌ನ ಪ್ಯಾಂಟಿನಲ್ಲಿ ಓಡುವುದಿರಲಿ, ಹೆಜ್ಜೆ ಇಡುವುದೇ ಸಾಹಸ. ಅವನು ಗಡಿಯಾರದ ಮುಳ್ಳಿನಂತೆ ಇಷ್ಟಿಷ್ಟೇ ಮುಂದೆ ಸರಿಯುತ್ತಿರುವಾಗ ಹುಡುಗಿಯರು ಮುತ್ತಿಕೊಂಡರು.

“ಇವನ್ಯಾರೇ?”

“ಯಾರಾದ್ರೂ ಆಗ್ಲಿ, ಎಳಿಯೇ!”

ಒಬ್ಬಳ ಕೈಗೆ ಕೋಟಿನ ತೋಳು ಸಿಕ್ಕಿತು, ಇನ್ನೊಬ್ಬಳ ಕೈಗೆ ಇನ್ನೊಂದು ತೋಳು. ಪಾಗ್ಸನ್ ನೇಯ್ದ ಕೂದಲಲ್ಲಿ ಒಂದೆಳೆ ಕಿತ್ತುಕೊಂಡ ಹುಡುಗಿಯೊಬ್ಬಳು ಅಲ್ಲೇ ಮೂರ್ಛೆ ಹೋದಳು. ಸಿರಿಲ್ ಒಳಗೆ ಮುಟ್ಟಿದಾಗ ಕೋಟು ಹೋಗಿ ವೇಸ್ಟ್‌ಕೋಟು ಆಗಿತ್ತು. ಪೊರಕೆ ಮಾತ್ರ ಬಿಟ್ಟಿರಲಿಲ್ಲ.

ಒಳಗೆ ಇನ್ನೊಂದು ರಾಮಾಯಣ ಕಾದಿತ್ತು. ಬಡಗಿಗಳು ತೆಳು ಹಲಗೆಗೆ ಇಟ್ಟಿಗೆಯ ಬಣ್ಣ ಬಳಿದು ಚಂದದ ಗೋಡೆ ಮಾಡಿದ್ದರು. ಅಭ್ಯಾಸಕ್ಕೆಂದು ಸಿರಿಲ್ ಒಂದೇಟು ಕೊಟ್ಟ. ಪೊರಕೆಯ ಹಿಡಿ ಗೋಡೆಯೊಳಗೆ ಹೋಯಿತು, ಹಿಂದೆಯೇ ಸಿರಿಲ್ ಮೊಣಕೈ ತನಕ ಹೋದ. ಬಡಗಿಗಳು ಬೈಯುತ್ತಾ ಬೇರೆ ದಪ್ಪ ಹಲಗೆ ತಂದು ಜೋಡಿಸುವಷ್ಟರಲ್ಲಿ ಕಪ್ಪು ಕೋಟಿನವನೊಬ್ಬ ಬಂದು ಸಿರಿಲ್‌ನ ಎದುರು ನಿಂತ. ಅವನು ವಾದ್ಯಗಾರರ ಸಂಘದವನು.

“ಈ ಸದ್ದು ರೆಕಾರ್ಡಿನಲ್ಲಿದೆ. ಅಂದ್ಮೇಲೆ ಪೊರಕೆ ವಾದ್ಯ. ನೀವು ನಮ್ಮ ಸಂಘದ ಸದಸ್ಯರಾ?”

“ನಾನು ಬ್ರೆಡ್ ಮಾಡೋನು.”

“ಹಾಗಾದ್ರೆ ಕೆಳಗಿಡಿ ಪೊರಕೆ.”

ಇದನ್ನು ಕೇಳಿಸಿಕೊಂಡ ಸ್ಟುಡಿಯೋದ ಜಾಡಮಾಲಿ ಭುಗಿಲೆದ್ದ. “ವಾದ್ಯವಂತೆ ವಾದ್ಯ! ಪೊರಕೆ ಅಂದ್ರೆ ಪೊರಕೆ. ಈ ಕಟ್ಟಡದಲ್ಲಿ ಪೊರಕೆ ಹಿಡಿಯೋ ಹಕ್ಕು ನಮ್ಮ ಸಂಘದ್ದು. ಹೊರಗಿನೋರು ಮುಟ್ಟಿದ್ರೆ ಇವತ್ತಿಂದ್ಲೇ ಮುಷ್ಕರ, ಯಾರೂ ಗುಡ್ಸಲ್ಲ!”

“ನೀನು ಮುಟ್ಟಿದ್ರೆ ನಾವು ಮುಷ್ಕರ, ಯಾರೂ ನುಡ್ಸಲ್ಲ!” ಎಂದ ಕಪ್ಪು ಕೋಟಿನವನು.

ಇಬ್ಬರೂ ಪೊರಕೆಯ ಎರಡು ತುದಿ ಹಿಡಿದು ಜಗ್ಗಾಡಿದರು. ನಡುವೆ ಸಿರಿಲ್. ಗಡಿಯಾರ ಓಡುತ್ತಿತ್ತು. ಕಾರ್ಯಕ್ರಮ ನಡೆಸುವವನು ಕುರ್ಚಿಯ ಮೇಲೆ ಕೂತು ತಲೆ ಹಿಡಿದುಕೊಂಡಿದ್ದ. ವಾಸ್ಪರ್ ಅತ್ತಿತ್ತ ಓಡಾಡಿದವನು ಇದ್ದಕ್ಕಿದ್ದಂತೆ ನಿಂತು ಚಪ್ಪಾಳೆ ತಟ್ಟಿದ.

“ಮಹನೀಯರೇ, ನಿದ್ದೆ ಮಾಡೋರಿಗೆ ಸಂಘ ಇದೆಯಾ?”

ಇಬ್ಬರೂ ಯೋಚಿಸಿದರು. ಇಲ್ಲ, ಆ ಸಂಘ ಇನ್ನೂ ಯಾರೂ ಕಟ್ಟಿರಲಿಲ್ಲ.

“ಸರಿ. ಮಿಸ್ಟರ್ ಎಂಟ್ವಿಸಲ್ ಇಲ್ಲಿ ವಾದ್ಯಗಾರರೂ ಅಲ್ಲ, ಗುಡಿಸೋರೂ ಅಲ್ಲ. ಅವರು ಮಲಗಿರ್ತಾರೆ. ಗೋಡೆ ಹಿಂದೆ ಹಾಸಿಗೆ, ಹಾಸಿಗೇಲಿ ಇವರು, ಕೈಯಲ್ಲಿ ಪೊರಕೆ. ಮಲಗಿರೋ ಮನುಷ್ಯನ ಕೈ ಅಕಸ್ಮಾತ್ ಅಲ್ಲಾಡಿದ್ರೆ ಅದಕ್ಕೆ ಯಾವ ಸಂಘನೂ ಜವಾಬ್ದಾರಿ ಅಲ್ಲ!”

ಎರಡೂ ಸಂಘಗಳು ಇದನ್ನು ಒಪ್ಪಿದವು. ನಾಟಕದ ಸಾಮಾನಿನ ಕೋಣೆಯಿಂದ ಮಂಚ ಬಂತು. ಯಾವುದೋ ರಾಣಿಯ ಸಾವಿನ ದೃಶ್ಯಕ್ಕೆ ಮಾಡಿಸಿದ್ದಂತೆ. ಹಂಸದ ಪುಕ್ಕದ ಹಾಸಿಗೆ, ರೇಷ್ಮೆ ರಜಾಯಿ. ನಿನ್ನೆ ರಾತ್ರಿಯಿಡೀ ನಿಂತು ಹಿಟ್ಟು ನಾದಿದ, ಕಣ್ಣಿಗೆ ನಿದ್ದೆಯ ಒಂದು ಹನಿಯೂ ಬೀಳದ ಸಿರಿಲ್ ಅದರ ಮೇಲೆ ಅಡ್ಡಾದ. ಬಿಗಿಯಾದ ಪ್ಯಾಂಟು ಸೊಂಟದ ಹತ್ತಿರ ‘ಪರ್’ ಎಂದು ಬಿರಿಯಿತು. ಬೆಳಗಿನಿಂದ ಮೊದಲ ಬಾರಿಗೆ ಅವನು ಹೊಟ್ಟೆತುಂಬ ಉಸಿರೆಳೆದುಕೊಂಡ.

“ಪಲ್ಲವಿ ಮುಗೀತಿದ್ದ ಹಾಗೇ ಬಡೀಬೇಕು, ಅಂಕಲ್. ಮರೀಬೇಡಿ!” ಎಂದ ಡೆರೆಕ್.

“ಮರೆಯೋದುಂಟೇನೋ? ಲಂಡನ್ನು!” ಎಂದ ಸಿರಿಲ್.

ದೀಪಗಳು ಬೆಳಗಿದವು. ಹುಡುಗಿಯರು ಚೀರಿದರು. ದೇಶದ ಉದ್ದಗಲಕ್ಕೆ ಜನ ಚಹಾ ಬಟ್ಟಲು ಕೆಳಗಿಟ್ಟು ಟೆಲಿವಿಷನ್ನಿನ ಹತ್ತಿರ ಸರಿದರು. ಗ್ಯಾಸ್ಕಿಲ್ ಬೀದಿಯವರೆಲ್ಲ ಪಾಗ್ಸನ್‌ನ ಮನೆಯಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದರು. ಮಗನ ಜೊತೆ ಬಂದಿದ್ದ ಮಿನ್ನಿ ಲಮ್ ಸ್ಟುಡಿಯೋದ ಮುಂದಿನ ಸಾಲಿನಲ್ಲೇ ಕೂತು ಕರವಸ್ತ್ರ ಹಿಂಡುತ್ತಿದ್ದಳು. ಗಿಟಾರು ಝೇಂಕರಿಸಿತು. ಡೆರೆಕ್ ಮಳೆಯಲ್ಲಿ ನೆನೆದ ಹುಡುಗನ ಕಥೆ ಹಾಡಿದ, ಕೈ ಚಾಚಿದ, ಕೂದಲು ಕೊಡವಿದ. “ನೋರೀನ್, ಬಾಗಿಲು ತೆಗಿ!” ವಾದ್ಯಗಳೆಲ್ಲ ಗಕ್ಕನೆ ನಿಂತವು.

ಮೌನ.

ಡೆರೆಕ್ ಗೋಡೆಯ ಕಡೆ ನೋಡಿದ. ಡ್ರಮ್ಮಿನವನು ನೋಡಿದ. ಇಡೀ ಇಂಗ್ಲೆಂಡು ನೋಡಿತು. ವಾಸ್ಪರ್‌ನ ನೇರಳೆ ಕೋಟಿನೊಳಗೆ ಬೆವರು ಹರಿಯಿತು.

ಆಗ ಗೋಡೆಯ ಹಿಂದಿನಿಂದ, ಮೈಕಿಗೆ ಬಹಳ ಹತ್ತಿರದಿಂದ ಬಂತು:

“ಗೊರ್‍ರ್‍ರ್... ಗೊರ್‍ರ್‍ರ್... ಫೂ!”

ಒಂದು ಕ್ಷಣ ಯಾರಿಗೂ ಏನೂ ತಿಳಿಯಲಿಲ್ಲ. ಮುಂದಿನ ಸಾಲಿನ ಹುಡುಗಿಯೊಬ್ಬಳು ಕಿಸಕ್ಕೆಂದಳು. “ಅಯ್ಯೋ, ನೋರೀನ್ ನಿದ್ದೆ ಹೊಡೀತಿದಾಳೆ ಕಣೇ! ಅದಕ್ಕೇ ಬಾಗಿಲು ತೆಗೀತಿಲ್ಲ!” ನಗು ಕಾಡ್ಗಿಚ್ಚಿನಂತೆ ಹಬ್ಬಿತು. ಡೆರೆಕ್ ಚುರುಕು ಹುಡುಗ, ಅವಕಾಶ ಬಿಡಲಿಲ್ಲ, ಮಂಡಿಯೂರಿ, ಎದೆ ಒಡೆದವನಂತೆ ಗೋಡೆಗೆ ಕೆನ್ನೆಯಿಟ್ಟು ಮತ್ತೆ ಹಾಡಿದ: “ನೋರೀನ್, ಬಾಗಿಲು ತೆಗಿ!”

“ಗೊರ್‍ರ್‍ರ್... ಗೊರ್‍ರ್‍ರ್... ಫೂ!” ತಾಳ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಕ್ಯಾಮೆರಾದವನೊಬ್ಬ ತಡೆಯಲಾರದೆ ಗೋಡೆಯ ಹಿಂದಕ್ಕೆ ತಿರುಗಿಸಿದ. ರಾಣಿಯ ಹಾಸಿಗೆಯಲ್ಲಿ, ತೋಳಿಲ್ಲದ ಕೋಟು ತೊಟ್ಟು, ಪೊರಕೆಯನ್ನು ಮಗುವಿನಂತೆ ಅಪ್ಪಿಕೊಂಡು, ಬಾಯಿ ತೆರೆದು ಮಲಗಿದ್ದ ಸಿರಿಲ್ ಎಂಟ್ವಿಸಲ್ ಇಂಗ್ಲೆಂಡಿನ ಮನೆಮನೆಯನ್ನೂ ಹೊಕ್ಕ. ಮೂರನೆಯ ಪಲ್ಲವಿಗೆ ಸ್ಟುಡಿಯೋದ ಹುಡುಗಿಯರೆಲ್ಲ ಸೇರಿ ಗೊರಕೆ ಹೊಡೆದರು. ಪಾಗ್ಸನ್‌ನ ಮನೆಯಲ್ಲಿ ಇಡೀ ಬೀದಿ ಗೊರಕೆ ಹೊಡೆಯಿತು. ಮೇವಿಸ್ ಒಬ್ಬಳೇ ಹೊಡೆಯಲಿಲ್ಲ. “ದಿನಾ ಕೇಳೋದು ನಾನು. ಇದರಲ್ಲಿ ಏನು ವಿಶೇಷ?” ಎಂದಳು.

ಸಿರಿಲ್ ಎಚ್ಚರಾದಾಗ ವ್ಯಾನಿನಲ್ಲಿ, ಡ್ರಮ್ಮುಗಳ ಪೆಟ್ಟಿಗೆಗಳ ನಡುವೆ ಮಲಗಿದ್ದ. ಹಾಸಿಗೆಯಿಂದ ಹಾಗೇ ಎತ್ತಿ ತಂದು ಹಾಕಿದ್ದರು. ಹೊರಗೆ ಹುಡುಗಿಯರು ವ್ಯಾನನ್ನು ಸುತ್ತುವರಿದು ಕುಲುಕುತ್ತಿದ್ದರು.

“ಬಡಿದ್ನಾ ನಾನು?” ಎಂದು ಚಾಲಕನನ್ನು ಕೇಳಿದ.

“ಬಡಿಯೋದೇನು, ದೇಶನೇ ಕೆಡವಿದ್ರಿ ಸಾರ್! ಟೆಲಿಫೋನು ನಿಲ್ತಾನೇ ಇಲ್ಲ. ನಾಳೆ ರೆಕಾರ್ಡ್ ಅಂಗಡಿ ಮುಂದೆ ಕ್ಯೂ ನೋಡಿ. ಒಂದನೇ ಜಾಗ ಖಂಡಿತ ಅಂತೆ. ಹುಡುಗರು ಆಗ್ಲೇ ಲಂಡನ್ ರೈಲು ಹತ್ತಿದ್ರು, ವಾಸ್ಪರ್ ಸಾಹೇಬರೂ ಅವರ ಜೊತೆ. ನಿಮಗೆ ನಮಸ್ಕಾರ ಹೇಳಿದ್ರು.”

ಹೊರಟುಹೋದರು! ಸಿರಿಲ್‌ನ ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ಗಡಿಯಾರ ಕಂಡು ಆ ನೀರು ಹೆಪ್ಪುಗಟ್ಟಿತು. ಪಾಳಿ ಶುರುವಾಗಿ ಹೋಗಿತ್ತು. “ಓಡ್ಸಪ್ಪ! ಬೇಗ ಓಡ್ಸು!” ಎಂದರೆ, ಚಾಲಕ ಏನು ಮಾಡಿಯಾನು? ವ್ಯಾನಿನ ಮೂತಿಯ ಮೇಲೆ ಇಬ್ಬರು ಹುಡುಗಿಯರು ಮಲಗಿ ಗೊರಕೆ ಹೊಡೆಯುತ್ತಿದ್ದರು.

ಗ್ಯಾಸ್ಕಿಲ್ ಬೀದಿ ಮುಟ್ಟಿದಾಗ ಅವನ ಮನೆ ಬಾಗಿಲಲ್ಲೇ ಮೇಸ್ತ್ರಿ ಗ್ರಿಮ್ಶಾ ನಿಂತಿದ್ದ. ಗ್ರಿಮ್ಶಾ ಅಂದರೆ ಬಾಗಿಲಿನಷ್ಟೇ ಅಗಲದ ಮನುಷ್ಯ. ಅವನು ನಿಂತರೆ ಮನೆಗೆ ಬಾಗಿಲಿದೆಯೆಂದೇ ಕಾಣುತ್ತಿರಲಿಲ್ಲ. ಬೀದಿಯವರು ಚಪ್ಪಾಳೆ ತಟ್ಟುತ್ತಿದ್ದರೂ ಸಿರಿಲ್‌ಗೆ ಕೇಳಿಸಲಿಲ್ಲ.

“ಗ್ರಿಮ್ಶಾ ಅವರೇ, ನಂಗೊತ್ತು. ಮೂರನೇ ಸಲ. ಏನೂ ಹೇಳ್ಬೇಡಿ, ನನ್ನ ಏಪ್ರನ್ನು ನಾಳೆ ತಂದ್ಕೊಡ್ತೀನಿ.”

“ಬಾಯ್ಮುಚ್ಚಯ್ಯ!” ಗ್ರಿಮ್ಶಾ ಗದರಿದ. “ನೀನು ಮಲಗಿದ್ದನ್ನ ಟೆಲಿವಿಷನ್ನಲ್ಲಿ ನೋಡಿ ನನ್ನ ಹೆಂಡ್ತಿ ಅತ್ಬಿಟ್ಳು. ‘ಪಾಪ, ಆ ಮನುಷ್ಯಂಗೆ ಎಷ್ಟು ನಿದ್ದೆಗೆಡ್ಸಿದೀರ್ರೀ’ ಅಂತ ನನ್ನ ತಟ್ಟೆ ಕಿತ್ಕೊಂಡ್ಳು. ಊಟದ ತಟ್ಟೆ! ಅಷ್ಟರಲ್ಲಿ ಯಜಮಾನ್ರ ಫೋನು. ‘ನಮ್ಮ ಬೇಕರಿ ಆಳು ಇಡೀ ದೇಶದ ಮುಂದೆ ಹೀಗೆ ಬಿದ್ಕೊಂಡ್ರೆ ನಮ್ಮನ್ನ ಏನಂತಾರೆ ಜನ? ನಾಳೆಯಿಂದ ಅವನನ್ನ ಹಗಲು ಪಾಳಿಗೆ ಹಾಕು. ಕಾಯಂ ಆಗಿ’ ಅಂದ್ರು. ಹೋಗು, ಈಗ ಮಲಕ್ಕೋ. ಬೆಳಿಗ್ಗೆ ಬಾ.”

ಸಿರಿಲ್ ಗೋಡೆ ಹಿಡಿದು ನಿಂತ. ಹಗಲು ಪಾಳಿ! ಹನ್ನೊಂದು ವರ್ಷದಿಂದ ಬೇಡಿದ್ದು. ಜನರ ಹಾಗೆ ಬೆಳಿಗ್ಗೆ ಎದ್ದು, ಜನರ ಹಾಗೆ ರಾತ್ರಿ ಮಲಗುವುದು. ಅದರ ಮೇಲೆ ಪಕ್ಕದ ಮನೆಯ ಹುಡುಗರು ಲಂಡನ್ನಿನಲ್ಲಿ. ಒಂದೇ ದಿನದಲ್ಲಿ ದೇವರು ಎರಡು ಕೈಯಲ್ಲೂ ಕೊಟ್ಟಿದ್ದ. ಅವನು ಗ್ರಿಮ್ಶಾನನ್ನು ತಬ್ಬಿಕೊಂಡ, ಪಾಗ್ಸನ್‌ನನ್ನು ತಬ್ಬಿಕೊಂಡ, ಪ್ಯಾಂಟು ಹರಿದಿದ್ದನ್ನು ಮರೆತು ಬೀದಿಯ ನಡುವೆ ಎರಡು ಸುತ್ತು ಕುಣಿದ.

ಗಲಾಟೆ ಕರಗಿ ಎಲ್ಲರೂ ಅವರವರ ಮನೆಗೆ ಹೋದ ಮೇಲೆ ಮಿನ್ನಿ ಲಮ್ ತನ್ನ ಹೊಸ್ತಿಲಲ್ಲಿ ಕಾಣಿಸಿಕೊಂಡಳು. ವಾಸ್ಪರ್‌ನ ಕಾರಿನಲ್ಲಿ ಅವಳು ಮೊದಲೇ ಬಂದು ಮುಂಕೋಣೆ ಗುಡಿಸುತ್ತಿದ್ದಳು, ಬೀದಿಯ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

“ಸಿರಿಲ್, ನಿಮ್ಮನ್ನ ಆ ಹಾಸಿಗೆ ಮೇಲೆ ನೋಡಿದಾಗ ನನ್ನ ಕರುಳು ಚುರುಕ್ ಅಂತು. ಎರಡು ವರ್ಷ ನಿಮ್ಮ ನಿದ್ದೆ ನಾವು ತಿಂದ್ಹಾಕಿದ್ವಿ. ನಂಗೆ ನಾಚಿಕೆಯಾಯ್ತು.”

“ಅಯ್ಯೋ, ಬಿಡಿ ಮಿನ್ನಿ. ಅವರು ಹೋಗಿ ಆಯ್ತಲ್ಲ,” ಎಂದ ಸಿರಿಲ್ ಉದಾರವಾಗಿ.

“ಅದೇ ವಿಷಯ. ವಾಸ್ಪರ್ ಸಾಹೇಬರು ನನ್ನ ಮುಂಕೋಣೆ ಬಾಡಿಗೆಗೆ ಹಿಡಿದಿದಾರೆ. ಅವರ ಕೈಕೆಳಗೆ ಇನ್ನೂ ಆರು ತಂಡ ಇದೆಯಂತೆ. ‘ಈ ಗೋಡೆ ಕೈಗುಣ ಚೆನ್ನಾಗಿದೆ, ಇನ್ಮೇಲೆ ಎಲ್ರೂ ಇಲ್ಲೇ ಅಭ್ಯಾಸ ಮಾಡ್ಲಿ’ ಅಂದ್ರು.”

ಸಿರಿಲ್‌ನ ಮುಖ ಅರ್ಧ ಬೆಂದ ಬ್ರೆಡ್ಡಿನಂತೆ ಕುಸಿಯಿತು.

“ಹೆದರ್ಬೇಡಿ!” ಮಿನ್ನಿ ಅವನ ಕೈ ಹಿಡಿದುಕೊಂಡಳು. “ನಾನೇನು ಕಲ್ಲೆದೆಯೋಳಾ? ಖಡಾಖಂಡಿತವಾಗಿ ಹೇಳ್ಬಿಟ್ಟೆ. ‘ಹಗಲು ಹೊತ್ತು ಒಂದು ತಂತಿ ಮೀಟೋ ಹಾಗಿಲ್ಲ, ಸಿರಿಲ್ ಮಲಗಿರ್ತಾರೆ. ಅವರು ರಾತ್ರಿ ಕೆಲಸಕ್ಕೆ ಹೊರಟ ಮೇಲೆ ಶುರು ಮಾಡಿ, ಬೆಳಗಿನ ತನಕ ಏನು ಬೇಕಾದ್ರೂ ಬಡ್ಕೊಳ್ಳಿ’ ಅಂತ. ಅವರೂ ಒಪ್ಪಿ ಕೈ ಕುಲುಕಿದ್ರು. ಈಗ ಖುಷಿನಾ?”

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ದೊಡ್ಡ ವ್ಯಾನೊಂದು ಬಂದು ನಿಂತಿತು. ಮ್ಯಾಂಚೆಸ್ಟರಿನಲ್ಲಿ ಅದೇ ಸಂಜೆ ಕಾರ್ಯಕ್ರಮ ಮುಗಿಸಿ ನೇರ ಇಲ್ಲಿಗೇ ಬಂದಿದ್ದ ವಾಸ್ಪರ್‌ನ ಇನ್ನೊಂದು ತಂಡ. ಏಳು ಜನ ಹುಡುಗರು ತುತ್ತೂರಿ, ಸ್ಯಾಕ್ಸೊಫೋನು, ಎರಡೆರಡು ಜೊತೆ ಡ್ರಮ್ಮು ಇಳಿಸಿ ಮಿನ್ನಿಯ ಬಾಗಿಲ ಮುಂದೆ ಸಾಲಾಗಿ ಇಟ್ಟರು. ಬಲು ಸಭ್ಯ ಹುಡುಗರು. ಸಿರಿಲ್‌ನನ್ನು ಗುರುತಿಸಿ ಎಲ್ಲರೂ ಟೋಪಿ ತೆಗೆದರು. ಅವರಲ್ಲಿ ದೊಡ್ಡವನು ಗಡಿಯಾರ ನೋಡಿಕೊಂಡು, ಸಂಕೋಚದಿಂದ ಕೇಳಿದ:

“ಸಾರ್, ನೀವಿನ್ನೂ ಕೆಲಸಕ್ಕೆ ಹೊರಡ್ಲಿಲ್ವಾ?”